ಆರನೇ ತಾರೀಖಿನ ಪ್ರತಿ

ನಾಲ್ಕನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯಿಂದ ಫೋನ್ ಬಂದಾಗ ನನ್ನೆದುರಿನ ಪರದೆಯ ಮೇಲೆ ಬ್ಯಾಕಪ್ ಆಯ್ಕೆಗಳ ಕಿಟಕಿ ತೆರೆದಿತ್ತು. ದಿನದಿನದ ಪ್ರತಿಗಳನ್ನು ಎಷ್ಟು ದಿನ ಉಳಿಸಿಕೊಳ್ಳಬೇಕು ಎನ್ನುವ ಖಾನೆಯಲ್ಲಿ ಹದಿನಾಲ್ಕನ್ನು ಅಳಿಸಿ ಮೂವತ್ತು ಎಂದು ಬರೆದಿದ್ದೆ. ಅದಾದ ಮೇಲೆ ‘ಸರಿ’ ಒತ್ತಿದೆನೋ, ‘ರದ್ದು’ ಒತ್ತಿದೆನೋ, ಏನೂ ಒತ್ತದೆ ಎದ್ದುಹೋದೆನೋ ನೆನಪಿಲ್ಲ.

ನನ್ನ ಗಂಡ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದ. ಪಾಠದ ನಡುವೆ ನಕ್ಷೆಯ ಕೆಳಗೇ ಕುಸಿದನಂತೆ. ಮೂವತ್ತನಾಲ್ಕು ವರ್ಷ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅದರ ಬಗ್ಗೆ ಇಷ್ಟೇ. ನಾನು ಬರೆಯಹೊರಟಿರುವುದು ಬೇರೆಯದನ್ನು.

ನಾನು ಒಂದು ರಕ್ತನಿಧಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಜನ ಬಂದು ಕೈ ಚಾಚಿ ಕೊಟ್ಟ ರಕ್ತ ಶೀತಲ ಕೋಣೆಯಲ್ಲಿ ಚೀಲಚೀಲವಾಗಿ ಕೂತಿರುತ್ತದೆ. ಚೀಲದ ಮೇಲೆ ಎರಡೇ ಸಂಗತಿ: ಒಂದು ಸಂಖ್ಯೆ, ಒಂದು ಗುಂಪು. ಕೊಟ್ಟವರು ಯಾರು, ರೋಗದ ಪರೀಕ್ಷೆ ಆಯಿತೇ, ಫಲಿತಾಂಶ ಏನು, ಯಾರಿಗಾದರೂ ಕೊಡಬಹುದೇ, ಇದೆಲ್ಲ ಇರುವುದು ಡೇಟಾಬೇಸಿನಲ್ಲಿ ಮಾತ್ರ. ತಿರಸ್ಕೃತವಾದ ಚೀಲಗಳನ್ನು ತಿಂಗಳ ಕೊನೆಯ ದಿನ ಒಟ್ಟಿಗೆ ತೆಗೆಯುವುದು ರೂಢಿ. ಅಲ್ಲಿಯವರೆಗೆ ಅವು ಒಳ್ಳೆಯವುಗಳ ಪಕ್ಕದಲ್ಲೇ ಇದ್ದರೂ ಕಂಪ್ಯೂಟರ್ ಅವನ್ನು ಹೊರಗೆ ಬಿಡುವುದಿಲ್ಲ. ಕಾಗದದ ದಪ್ಪ ರಿಜಿಸ್ಟರುಗಳನ್ನು ಎರಡು ವರ್ಷದ ಹಿಂದೆ ನಿಲ್ಲಿಸಿದರು. ನಿಲ್ಲಿಸಿದ್ದು ನಮ್ಮ ಮುಖ್ಯಸ್ಥರು. ಅವರಿಗೆ ನಾವು ಇಟ್ಟ ಹೆಸರು ‘ಸಮಾಧಾನ’. ಯಾರು ಏನೇ ಕೇಳಲಿ, ಎರಡು ಅಂಗೈ ಕೆಳಮುಖ ಮಾಡಿ, ಮಗುವನ್ನು ತಟ್ಟಿ ಮಲಗಿಸುವವರ ಹಾಗೆ, “ಸಮಾಧಾನ, ಸಮಾಧಾನ” ಎನ್ನುತ್ತಾರೆ.

ವಾರಕ್ಕೊಂದು ಪೂರ್ಣ ಪ್ರತಿ, ಕಾಲು ಗಂಟೆಗೊಂದು ಸಣ್ಣ ಪ್ರತಿ ತೆಗೆಯಲು ಇನ್ನೊಂದು ಡಿಸ್ಕ್ ಬೇಕೆಂದು ನಾನು ಮೂರು ಸಲ ಬರೆದುಕೊಟ್ಟಿದ್ದೆ. ಮೂರು ಸಲವೂ ಸಮಾಧಾನ. ಆದ್ದರಿಂದ ಸರ್ವರಿನ ಹೊರಗೆ ಪ್ರತಿಗಳಿಗೆಂದೇ ಇದ್ದ ಒಂದು ಸಣ್ಣ ಡಿಸ್ಕಿನ ಜಾಗದಲ್ಲೇ ಹೊಂದಿಸಿದೆ. ತಿಂಗಳ ಒಂದನೇ ತಾರೀಖು ಇಡೀ ಡೇಟಾಬೇಸಿನ ಪೂರ್ಣ ಪ್ರತಿ. ಆಮೇಲೆ ಪ್ರತಿದಿನ ಸಂಜೆ, ಆ ಪೂರ್ಣ ಪ್ರತಿಯಾದ ಮೇಲೆ ಏನೇನು ಬದಲಾಗಿದೆಯೋ ಅಷ್ಟರದು ಮಾತ್ರ. ಏನಾದರೂ ಕೆಟ್ಟರೆ ಒಂದನೇ ತಾರೀಖಿನದನ್ನು ಕೂರಿಸಿ, ಅದರ ಮೇಲೆ ನಿನ್ನೆ ಸಂಜೆಯದನ್ನು ಕೂರಿಸಿದರೆ ಮುಗಿಯಿತು. ಎರಡೂ ಬೇಕು. ತಳವಿಲ್ಲದೆ ಮಾಳಿಗೆ ನಿಲ್ಲುವುದಿಲ್ಲ. ಎರಡು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಕೂರಿಸಿ ನೋಡುತ್ತಿದ್ದೆ ಕೂಡ.

ರಜೆ ಮುಗಿಸಿ ಇಪ್ಪತ್ತಮೂರಕ್ಕೆ ಕೆಲಸಕ್ಕೆ ಹೋದೆ. ಇಪ್ಪತ್ತೈದರ ಬೆಳಿಗ್ಗೆ ಹತ್ತಕ್ಕೆ ಸರ್ವರಿನ ಡಿಸ್ಕ್ ಸತ್ತಿತು.

ನನಗೆ ಗಾಬರಿಯಾಗಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ಆಗುತ್ತಿರಲಿಲ್ಲ. ಹೊಸ ಡಿಸ್ಕ್ ಹಾಕಿ ಒಂದನೇ ತಾರೀಖಿನ ಪೂರ್ಣ ಪ್ರತಿ ಕೂರಿಸಿದೆ. ಕೂತಿತು. ಇಪ್ಪತ್ತನಾಲ್ಕರ ಸಂಜೆಯದನ್ನು ಹಾಕಿದೆ. ಸರ್ವರ್ ಬೇಡವೆಂದಿತು: ಇದು ನೀವು ಕೂರಿಸಿರುವ ಪೂರ್ಣ ಪ್ರತಿಗೆ ಸೇರಿದ್ದಲ್ಲ. ಇಪ್ಪತ್ತಮೂರರದನ್ನು ಹಾಕಿದೆ. ಅದೂ ಸೇರಿದ್ದಲ್ಲ. ಹೀಗೆ ಹಿಂದೆ ಹಿಂದೆ ಹೋಗಿ, ಕೊನೆಗೆ ಒಪ್ಪಿದ್ದು ಐದನೇ ತಾರೀಖಿನದನ್ನು. ಆರರಿಂದ ಇಪ್ಪತ್ತನಾಲ್ಕರವರೆಗೆ ಹತ್ತೊಂಬತ್ತು ದಿನ ಖಾಲಿ.

ಲ್ಯಾಬಿನ ಅಕ್ಕ ಬಂದು ಹಿಂದೆ ನಿಂತಳು. ಅವಳು ಇಲ್ಲಿನ ಹಿರಿಯ ತಂತ್ರಜ್ಞೆ, ಇಪ್ಪತ್ತೆರಡು ವರ್ಷ ಇದೇ ಕೋಣೆಯಲ್ಲಿ ನಿಂತೇ ಕೆಲಸ ಮಾಡಿದವಳು.

“ಎಷ್ಟು ಚೀಲ?” ಎಂದು ಕೇಳಿದೆ.

“ಆ ಹತ್ತೊಂಬತ್ತು ದಿನದ್ದು ಇನ್ನೂರ ಹದಿನಾಲ್ಕು ಉಳಿದಿದೆ. ಎಣಿಸ್ಕೊಂಡೇ ಬಂದೆ. ಮತ್ತೆ ಪರೀಕ್ಷೆ ಮಾಡೋಣ ಅಂದ್ರೆ ಪರೀಕ್ಷೆಯ ಶೀಶೆಗಳನ್ನ ಅಂದಂದೇ ಎಸೆದಾಗಿದೆ. ಯಾವುದು ಒಳ್ಳೇದು ಯಾವುದು ಕೆಟ್ಟದ್ದು ದೇವರಿಗೇ ಗೊತ್ತು.” ಶೀತಲ ಕೋಣೆಯ ಕೀಲಿಯನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. “ಇದು ಬರೋವರೆಗೆ ಒಂದು ಹನಿ ಆಚೆ ಹೋಗಲ್ಲ.”

ಮುಖ್ಯಸ್ಥರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. “ಚೀಲದ ಮೇಲೆ ಗುಂಪು ಬರೆದಿದೆಯಲ್ಲಮ್ಮ. ತುರ್ತು ಇದ್ದರೆ ಕೊಡಿ.”

“ಗುಂಪು ಬರೆದಿದೆ. ರೋಗ ಬರೆದಿಲ್ಲ,” ಎಂದಳು ಅಕ್ಕ.

ಒಂದು ಗಂಟೆಯೊಳಗೆ ಅವರು ನನ್ನನ್ನು ಕೋಣೆಗೆ ಕರೆದರು. ಕುರ್ಚಿ ತಾವೇ ಎಳೆದುಕೊಟ್ಟರು. ಮೇಜಿನ ಮೇಲೆ ಟೈಪಾದ ಒಂದು ಹಾಳೆ ಆಗಲೇ ಸಿದ್ಧವಾಗಿತ್ತು.

“ಸಮಾಧಾನ. ಯಾರೂ ನಿಮ್ಮನ್ನ ಬೈತಿಲ್ಲ. ಇಂಥ ದುಃಖದಲ್ಲಿ ಯಾರ ಕೈಯಿಂದಾದರೂ ತಪ್ಪಾಗುತ್ತೆ. ಆವತ್ತು ನೀವು ಎದ್ದು ಓಡಿದ್ರಲ್ಲ, ಆ ಬ್ಯಾಕಪ್ ಕಿಟಕಿ ತೆರೆದೇ ಇತ್ತು. ನಾನೇ ಬಂದು ಮುಚ್ಚಿದೆ. ಏನೋ ಅರ್ಧಂಬರ್ಧ ಆಗಿಹೋಗಿದೆ, ಅಷ್ಟೆ.”

ಹಾಳೆಯಲ್ಲಿ ಹೀಗಿತ್ತು: ‘ಪತಿಯ ಅಕಾಲಿಕ ನಿಧನದ ಆಘಾತದಿಂದ ಬ್ಯಾಕಪ್ ಆಯ್ಕೆಗಳನ್ನು ಸರಿಯಾಗಿ ಹೊಂದಿಸಲು ನನ್ನಿಂದ ಆಗಲಿಲ್ಲ. ಹತ್ತೊಂಬತ್ತು ದಿನಗಳ ಮಾಹಿತಿ ಮರಳಿ ಪಡೆಯಲಾಗದಂತೆ ನಷ್ಟವಾಗಿದೆ.’ ಕೆಳಗೆ ನನ್ನ ಹೆಸರು, ಸಹಿಗೆ ಗೆರೆ.

“ಆಡಳಿತ ಸಮಿತಿಯವರೂ ಮನುಷ್ಯರೇ. ಇದನ್ನ ಓದಿದ ಮೇಲೆ ಯಾರು ಒಂದು ಮಾತು ಆಡ್ತಾರೆ ಹೇಳಿ? ಮನೆಗೆ ತಗೊಂಡು ಹೋಗಿ, ಯೋಚನೆ ಮಾಡಿ. ನಾಳೆ ಕೊಟ್ಟರೆ ಸಾಕು.”

ತೆಗೆದುಕೊಂಡು ಬಂದೆ. ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ, ಇರಬಹುದು ಎನಿಸಿತು. ಆ ವಾರದ್ದು ನನ್ನ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಯಾರು ಬಂದರು, ಯಾವ ಸೀರೆ ಉಟ್ಟಿದ್ದೆ, ಏನು ತಿಂದೆ, ಗೊತ್ತಿಲ್ಲ. ಅಂಥವಳು ಒಂದು ಗುಂಡಿ ತಪ್ಪು ಒತ್ತಿಲ್ಲವೆಂದು ಯಾವ ಬಾಯಲ್ಲಿ ಹೇಳಲಿ?

ಸಂಜೆ ಮನೆಯಲ್ಲಿ ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ, ಕನ್ನಡಕ ಏರಿಸಿ, ಹಾಳೆಯನ್ನು ಎರಡು ಸಲ ಓದಿದರು. ಗಂಡ ಹೋದ ಮೇಲೂ ನಾವಿಬ್ಬರು ಒಂದೇ ಮನೆಯಲ್ಲಿದ್ದೇವೆ. ಹೆಚ್ಚು ಮಾತಿಲ್ಲ, ಜಗಳವೂ ಇಲ್ಲ.

“ಇದರಲ್ಲಿ ನನ್ನ ಮಗ ಯಾಕೆ ಬಂದ?”

“ಅವರೇ ಬರೆಸಿದ್ದಾರೆ.”

“ಅವನು ಸತ್ತದ್ದಕ್ಕೂ ನಿಮ್ಮ ಡಿಸ್ಕು ಸತ್ತದ್ದಕ್ಕೂ ಏನು ಸಂಬಂಧ? ಸೈಕಲ್ಲಿನ ಚೈನು ಜಾರಿದ್ರೆ ಹಾಕ್ಕೊಳ್ಳೋಕೆ ಬರ್ತಿರಲಿಲ್ಲ ಅವನಿಗೆ. ಈಗ ಹೋಗಿ ನಿಮ್ಮ ಆಫೀಸಿನ ಯಂತ್ರ ಕೆಡಿಸಿದನಾ?”

ನನಗೆ ನಗು ಬಂತು. ಇಪ್ಪತ್ತೊಂದು ದಿನದಲ್ಲಿ ಮೊದಲ ಸಲ. ಅವರು ನಗಲಿಲ್ಲ.

“ತಪ್ಪು ನಿಂದೇನಾ?”

“ಗೊತ್ತಿಲ್ಲ ಅತ್ತೆ. ನೆನಪಿಲ್ಲ.”

“ನೆನಪಿಲ್ಲ ಅಂದ್ರೆ ನೋಡು. ನೋಡಿ ನಿಂದಾದ್ರೆ ಸಹಿ ಹಾಕು, ಬೇಡ ಅನ್ನಲ್ಲ. ನೋಡದೇ ಸಹಿ ಹಾಕೋದಕ್ಕೆ ನೀನೇನು ಹೆಬ್ಬೆಟ್ಟಾ? ಓದಿದವಳು.”

ನೋಡುವ ದಾರಿ ನನಗೆ ಆ ದಿನ ಬೆಳಿಗ್ಗೆಯೇ ಗೊತ್ತಿತ್ತು. ಸರ್ವರ್ ತನ್ನದೇ ಒಂದು ದಿನಚರಿ ಬರೆದುಕೊಳ್ಳುತ್ತದೆ. ಯಾವ ಪ್ರತಿಯನ್ನು ಎಷ್ಟು ಹೊತ್ತಿಗೆ, ಯಾರು, ಎಲ್ಲಿಗೆ ತೆಗೆದರು ಎಂಬುದೆಲ್ಲ ಅದರಲ್ಲಿರುತ್ತದೆ. ಆ ದಿನಚರಿ ಚಿಕ್ಕದು. ಅದನ್ನು ಪ್ರತಿ ಸಂಜೆ ಬೇರೆಯಾಗಿ, ಪೂರ್ತಿಯಾಗಿ ಉಳಿಸುವಂತೆ ಇಟ್ಟಿದ್ದೆ. ಬೆಳಿಗ್ಗೆ ಅದನ್ನು ತೆರೆದಿರಲಿಲ್ಲ. ಪುರುಸೊತ್ತಿರಲಿಲ್ಲ ಎನ್ನಬಹುದು. ಧೈರ್ಯವಿರಲಿಲ್ಲ ಎನ್ನುವುದು ಸರಿ. ಅಲ್ಲಿ ನನ್ನ ಹೆಸರು ಕಂಡರೆ?

ಮರುದಿನ ಎಂಟಕ್ಕೇ ಹೋಗಿ ಕೂತೆ. ದಿನಚರಿ ತೆರೆಯುವ ಮುಂಚೆಯೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಹಿಂದಿನ ದಿನ ನಾನು ಕೂರಿಸಿದ್ದು ಐದನೇ ತಾರೀಖಿನ ಪ್ರತಿ. ಇಪ್ಪತ್ತು ದಿನ ಹಳೆಯದು. ಹದಿನಾಲ್ಕು ದಿನದ ಹಳೆಯ ನಿಯಮವೇ ಇದ್ದಿದ್ದರೆ ಅದು ಎಂದೋ ಅಳಿಸಿಹೋಗಿರಬೇಕಿತ್ತು. ಇದೆ. ಎಂದರೆ ಮೂವತ್ತು ಎಂದು ಬರೆದು ನಾನು ‘ಸರಿ’ ಒತ್ತಿದ್ದೆ. ‘ಸರಿ’ ಒತ್ತಿದರೆ ಆ ಕಿಟಕಿ ತಾನೇ ಮುಚ್ಚಿಕೊಳ್ಳುತ್ತದೆ. ಮುಖ್ಯಸ್ಥರು ಬಂದು ಮುಚ್ಚಲು ಅಲ್ಲಿ ಏನೂ ತೆರೆದಿರಲಿಲ್ಲ.

ಆಗ ಸಿಟ್ಟು ಬಂತು. ದಿನಚರಿ ತೆರೆದೆ.

ಹುಡುಕುವ ಅಗತ್ಯವೂ ಬೀಳಲಿಲ್ಲ. ಆರನೇ ತಾರೀಖು, ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ. ಪೂರ್ಣ ಪ್ರತಿ. ತೆಗೆದವರು: ಮುಖ್ಯಸ್ಥರ ಲಾಗಿನ್. ಹೋದದ್ದು: ಪೆನ್‌ಡ್ರೈವಿಗೆ. ಫೈಲಿನ ಹೆಸರು: ಮಾದರಿ.

ಬ್ಯಾಕಪ್ ಆಯ್ಕೆಗಳಲ್ಲಿ ಒಂದು ಸಣ್ಣ ಚೌಕವಿದೆ: ‘ಪ್ರತಿ ಮಾತ್ರ’. ಅದಕ್ಕೆ ಗುರುತು ಹಾಕಿ ಪ್ರತಿ ತೆಗೆದರೆ ಸರ್ವರ್ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಯಾರೋ ಒಂದು ಫೋಟೊ ತೆಗೆದುಕೊಂಡು ಹೋದರು ಎಂದು ಬಿಟ್ಟುಬಿಡುತ್ತದೆ. ಗುರುತು ಹಾಕದಿದ್ದರೆ ಇನ್ನು ಮೇಲೆ ಇದೇ ಹೊಸ ತಳ ಎಂದು ನಂಬುತ್ತದೆ. ಅವರು ಹಾಕಿರಲಿಲ್ಲ. ಆವತ್ತಿನಿಂದ ಪ್ರತಿ ಸಂಜೆ ಸರ್ವರ್, ಯಾರದೋ ಜೇಬಿನಲ್ಲಿ ಹೊರಟುಹೋದ ಫೈಲಿನ ಮೇಲೆ ನಿಷ್ಠೆಯಿಂದ ಮಾಳಿಗೆ ಕಟ್ಟಿದೆ. ಪ್ರತಿ ಸಂಜೆ ಪರಿಶೀಲಿಸಿ ‘ಫೈಲ್ ಸರಿಯಿದೆ’ ಎಂದೂ ಬರೆದಿದೆ. ಸರಿಯಾಗಿಯೇ ಇದ್ದವು. ತಳ ಮಾತ್ರ ಇಲ್ಲಿರಲಿಲ್ಲ.

“ಮುಖ್ಯಸ್ಥನ ಕೈಯಲ್ಲಿ ಕೀಲಿ ಇಲ್ಲ ಅಂದ್ರೆ ಹೇಗಮ್ಮ?” ಎಂದು ಹಟ ಹಿಡಿದು ನನ್ನಷ್ಟೇ ಅಧಿಕಾರವಿರುವ ಲಾಗಿನ್ ಮಾಡಿಸಿಕೊಂಡಿದ್ದವರು ಅವರೇ.

ಪುಟವನ್ನು ಮುದ್ರಿಸಿಕೊಂಡು ಲ್ಯಾಬಿನ ಅಕ್ಕನಿಗೆ ತೋರಿಸಿದೆ. ಅವಳು ಕೈಗವಸು ಕಳಚಿದಳು. “ನಡಿ,” ಎಂದಳು.

ಮುಖ್ಯಸ್ಥರು ಹಾಳೆಯನ್ನು ಓದಿದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅವರಿಗೆ ಗೊತ್ತಿತ್ತು. ಚೌಕದ ಸಂಗತಿ ಗೊತ್ತಿರಲಿಕ್ಕಿಲ್ಲ. ಆದರೆ ಹುಡುಕಲು ಹೋದರೆ ಆ ಪ್ರತಿಯ ಸುದ್ದಿ ಹೊರಬೀಳುತ್ತದೆ ಎನ್ನುವುದು ನಿನ್ನೆಯೇ ಗೊತ್ತಿತ್ತು. ನನ್ನ ಸಹಿ ಬಿದ್ದುಬಿಟ್ಟರೆ ಹುಡುಕುವವರೇ ಇರುವುದಿಲ್ಲ.

“ಎಲ್ಲಿದೆ ಸರ್ ಆ ಪೆನ್‌ಡ್ರೈವ್?” ಎಂದೆ.

“ಸಮಾಧಾನ. ಹೊಸ ಸಾಫ್ಟ್‌ವೇರ್ ತೋರಿಸೋಕೆ ಒಬ್ಬರು ಬಂದಿದ್ರು. ನಿಜವಾದ ಮಾಹಿತಿ ಇದ್ರೆ ಚೆನ್ನಾಗಿ ತೋರಿಸಬಹುದು ಅಂದ್ರು. ನಮ್ಮ ಸಂಸ್ಥೆಗೇ ಒಳ್ಳೇದಾಗ್ಲಿ ಅಂತ…”

“ನಮ್ಮ ಹನ್ನೊಂದು ಸಾವಿರ ಜನರ ಹೆಸರು, ಫೋನು, ಕಾಯಿಲೆ ಎಲ್ಲ ಅದರಲ್ಲಿದೆ.”

“ನೀವಿದ್ದಿದ್ರೆ ನಿಮ್ಮನ್ನೇ ಕೇಳ್ತಿದ್ದೆ. ನೀವು ಆ ಸ್ಥಿತಿಯಲ್ಲಿದ್ರಿ. ತೊಂದರೆ ಕೊಡಬಾರದು ಅಂತ…”

ಎಲ್ಲವನ್ನೂ ಒರೆಸಲು ನನ್ನ ದುಃಖವೇ ಅವರಿಗೆ ಬಟ್ಟೆಯಾಗಿತ್ತು. ಕೇಳದೆ ತೆಗೆದದ್ದಕ್ಕೂ ಅದೇ, ತೆಗೆದದ್ದನ್ನು ಮುಚ್ಚುವುದಕ್ಕೂ ಅದೇ.

“ನಂಬರ್ ಕೊಡಿ,” ಎಂದೆ.

ಅವರ ಮೇಜಿನ ಫೋನಿನಿಂದಲೇ ಮಾಡಿದೆ. ಅಕ್ಕ ಕೈ ಚಾಚಿ ಸ್ಪೀಕರ್ ಒತ್ತಿದಳು. ಸಾಫ್ಟ್‌ವೇರ್ ಮಾರುವವನ ದನಿ ಬಹಳ ಉಲ್ಲಾಸದ್ದು.

“ಓ, ಆ ಫೈಲಾ! ಇದೆ ಮೇಡಂ, ನನ್ನ ಲ್ಯಾಪ್‌ಟಾಪಲ್ಲೇ ಇದೆ. ಏನು ಚೆನ್ನಾಗಿ ಓಪನ್ ಆಯ್ತು ಅಂತೀರಿ! ಈಗಾಗ್ಲೇ ಮೂರು ಆಸ್ಪತ್ರೆಯಲ್ಲಿ ತೋರಿಸಿದೀನಿ.”

ಅಕ್ಕ ಕಣ್ಣು ಮುಚ್ಚಿಕೊಂಡಳು.

“ಅದು ನಮಗೆ ವಾಪಸ್ ಬೇಕು. ಈಗಲೇ.”

“ಅರ್ಧ ಗಂಟೆ ಕೆಲಸ. ಆದ್ರೆ ಸರ್ ಕಡೆಯಿಂದ ಒಂದು ಸಾಲು ಬರಲಿ ಮೇಡಂ, ಆರನೇ ತಾರೀಖು ನಾನೇ ಕೊಟ್ಟ ಫೈಲ್ ವಾಪಸ್ ಬೇಕು ಅಂತ. ನಮ್ಮ ನಮ್ಮಲ್ಲೇ ಇರ್ಲಿ ಅಂದಿದ್ರು ಅವರು. ನಾಳೆ ಇದು ನನ್ನ ತಲೆಗೆ ಬರಬಾರದು ನೋಡಿ.”

ಫೋನಿಟ್ಟೆ. ಇಬ್ಬರೂ ಅವರನ್ನೇ ನೋಡಿದೆವು. ಕಂಪ್ಯೂಟರ್ ಅವರ ಮುಂದೆಯೇ ಇತ್ತು. ಒಂದು ಸಾಲು.

ಅವರು ಎದ್ದು ಕಿಟಕಿಗೆ ಹೋಗಿ ಹೊರಗಿನ ರಸ್ತೆ ನೋಡುತ್ತ ನಿಂತರು. ತಿರುಗಿದಾಗ ಅಂಗೈಗಳು ಕೆಳಮುಖವಾಗಿದ್ದವು.

“ಸಮಾಧಾನವಾಗಿ ಯೋಚನೆ ಮಾಡೋಣ. ಇನ್ನೂರು ಚೀಲ ಏನು ದೊಡ್ಡ ಮಾತು? ಚೆಲ್ಲಿಬಿಡೋಣ. ಬೇರೆ ರಕ್ತನಿಧಿಯಿಂದ ತರಿಸೋಣ, ಎರಡು ಶಿಬಿರ ಮಾಡೋಣ. ಯಾರಿಗೂ ತೊಂದರೆ ಇಲ್ಲ. ಈ ಸಾಲು ಗೀಲು ಎಲ್ಲ ಯಾಕೆ?”

ನಾನು ಆ ಕೋಣೆಯಲ್ಲಿ ಬಹಳ ಸಲ ಕೂತಿದ್ದೇನೆ. ಡಿಸ್ಕ್ ಇಲ್ಲವೆಂದಾಗ ಎದ್ದುಬಂದಿದ್ದೇನೆ. ನನ್ನ ರಜೆಯ ಅರ್ಜಿಯ ಮೇಲೆ ಸಹಿ ಹಾಕುತ್ತ ಅವರು ಕಣ್ಣೊರೆಸಿಕೊಂಡದ್ದನ್ನೂ ನೋಡಿದ್ದೇನೆ. ಆದರೆ ಒಂದು ಸಾಲು ಬರೆಯುವುದರ ಬದಲು ಇನ್ನೂರ ಹದಿನಾಲ್ಕು ಜನರ ರಕ್ತವನ್ನು ಮೋರಿಗೆ ಸುರಿಯಲು ಮನಸ್ಸು ಮಾಡಬಲ್ಲವರು ಎಂದು ತಿಳಿದಿರಲಿಲ್ಲ. ದನಿ ಕೂಡ ಏರಿಸದೆ.

“ಚೆಲ್ಲೋದು ಯಾರು?” ಎಂದಳು ಅಕ್ಕ. “ನೀವಾ? ಬನ್ನಿ, ಕೀಲಿ ಕೊಡ್ತೀನಿ. ಒಂದೊಂದೇ ಕತ್ತರಿಸಿ ಸುರೀರಿ. ಇಪ್ಪತ್ತೆರಡು ವರ್ಷ ಒಂದು ಚೀಲ ಕೈಜಾರಿದ್ರೆ ರಾತ್ರಿ ಊಟ ಸೇರದವಳು ನಾನು.”

“ನಿಮಗೆ ಅರ್ಥ ಆಗಲ್ಲಮ್ಮ, ಇದು ಆಡಳಿತದ ವಿಷಯ.”

“ಹೌದು, ನನಗೆ ರಕ್ತ ಮಾತ್ರ ಅರ್ಥ ಆಗೋದು.”

ಆಗಲೇ ಅವಳ ಜೇಬಿನ ಫೋನ್ ಬಡಿದುಕೊಂಡಿತು. ಹೆರಿಗೆ ವಾರ್ಡಿನವರು. ಅಪರೂಪದ ಗುಂಪು, ನಾಲ್ಕು ಚೀಲ ಬೇಕು. ಆರನೇ ತಾರೀಖಿಗೂ ಹಿಂದಿನ ದಾಸ್ತಾನಿನಲ್ಲಿ ಆ ಗುಂಪಿನದು ಒಂದೂ ಉಳಿದಿರಲಿಲ್ಲ. ಬೀಗ ಹಾಕಿದ್ದರಲ್ಲಿ ಏಳಿತ್ತು. ಅಕ್ಕ ಫೋನನ್ನು ಮುಖ್ಯಸ್ಥರ ಕಿವಿಯ ಹತ್ತಿರ ಹಿಡಿದಳು.

“ನೀವೇ ಹೇಳಿ. ಇದೆ, ಆದ್ರೆ ಚೆಲ್ತಾ ಇದೀವಿ ಅಂತ ಹೇಳಿ.”

ಆ ಕಡೆಯಿಂದ ಒಬ್ಬ ನರ್ಸ್ “ಹಲೋ, ಹಲೋ, ಇದೆಯಾ ಇಲ್ವಾ ಹೇಳಿ” ಎನ್ನುವುದು ನನಗೂ ಕೇಳಿಸುತ್ತಿತ್ತು. ಮುಖ್ಯಸ್ಥರು ಫೋನನ್ನು ಮುಟ್ಟಲಿಲ್ಲ. ಕುರ್ಚಿಗೆ ಬಂದು ಕೂತು ಎರಡು ಬೆರಳಲ್ಲಿ ಟೈಪ್ ಮಾಡಿದರು. ಒಂದೇ ಸಾಲು. ನಾನು ಹಿಂದೆ ನಿಂತು ಓದಿದೆ. ‘ನಾನೇ’ ಎನ್ನುವ ಪದ ಬಿಟ್ಟಿದ್ದರು. “ಅವರು ಹೇಳಿದ ಹಾಗೇ ಬರೀರಿ, ಇಲ್ಲದಿದ್ರೆ ಮತ್ತೆ ಫೋನ್ ಮಾಡ್ತಾರೆ,” ಎಂದೆ. ಸೇರಿಸಿದರು.

“ಇನ್ನೊಂದು ಗಂಟೆ. ಇದೆ,” ಎಂದು ಅಕ್ಕ ನರ್ಸಿಗೆ ಹೇಳಿದಳು.

ಫೈಲ್ ಬಂತು. ಆರನೇ ತಾರೀಖಿನ ಪ್ರತಿ ಕೂತಿತು. ಅದರ ಮೇಲೆ ಇಪ್ಪತ್ತನಾಲ್ಕರ ಸಂಜೆಯದು, ನಿನ್ನೆ ಸರ್ವರ್ ಬೇಡವೆಂದದ್ದು, ಮಾತಿಲ್ಲದೆ ಕೂತಿತು. ಹೋದದ್ದು ಡಿಸ್ಕ್ ಸತ್ತ ದಿನದ ಬೆಳಗಿನ ಕೆಲಸ ಮಾತ್ರ. ಅದನ್ನು ಲ್ಯಾಬಿನವರು ಮತ್ತೆ ಮಾಡಿದರು. ಹೆರಿಗೆ ವಾರ್ಡಿಗೆ ನಾಲ್ಕು ಚೀಲ ಹೋಯಿತು. ಇನ್ನೂರ ಹದಿನಾಲ್ಕರಲ್ಲಿ ಇನ್ನೂರ ಎಂಟು ಒಳ್ಳೆಯವು. ಆರು ತಿರಸ್ಕೃತ. ಅಕ್ಕ ಆ ಆರನ್ನೂ ತಟ್ಟೆಯಲ್ಲಿ ಇಟ್ಟುಕೊಂಡು ಮುಖ್ಯಸ್ಥರ ಬಾಗಿಲಲ್ಲಿ ಒಂದು ಕ್ಷಣ ನಿಂತಳು.

“ಗುಂಪು ಬರೆದಿದೆ ಸರ್,” ಎಂದಳು. ಹೊರಟುಹೋದಳು.

ಮಧ್ಯಾಹ್ನದ ಹೊತ್ತಿಗೆ ಅವರು ಮೊದಲಿನ ಮನುಷ್ಯರಾಗಿದ್ದರು. ನಾನು ಒಳಗೆ ಹೋದಾಗ ನಗುತ್ತಲೇ ಆ ಟೈಪಾದ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಹರಿದರು. “ನೋಡಿ, ಎಲ್ಲ ಸರಿಹೋಯ್ತು. ನೀವೂ ಏನೂ ಬರೀಬೇಕಿಲ್ಲ, ನಾನೂ ಏನೂ ಬರೀಬೇಕಿಲ್ಲ. ಒಂದು ವಾರ ರೆಸ್ಟ್ ತಗೊಳ್ಳಿ.”

ಅವರ ಮೇಜಿನ ಮೇಲಿದ್ದ ಖಾಲಿ ವರದಿ ಹಾಳೆಯೊಂದನ್ನು ಎಳೆದುಕೊಂಡು ಅಲ್ಲೇ ಕೂತು ಬರೆದೆ. ತಾರೀಖು. ಹೊತ್ತು. ಲಾಗಿನ್. ಗುರುತು ಹಾಕದ ಚೌಕ. ಫೈಲ್ ಯಾರಿಗೆ ಹೋಯಿತು, ಎಷ್ಟು ಜನರ ವಿವರ ಅದರಲ್ಲಿತ್ತು, ಎಷ್ಟು ಕಡೆ ತೋರಿಸಿದರು. ಆ ಹನ್ನೊಂದು ಸಾವಿರ ಜನರಿಗೂ ಇದನ್ನು ತಿಳಿಸಬೇಕು. ಸುಳ್ಳು ಹೇಳಿಕೆಗೆ ನನ್ನ ಸಹಿ ಕೇಳಲಾಯಿತು.

“ಏನಮ್ಮ ಇದು? ನಿಮ್ಮ ಮನೆಯವರು ಹೋದಾಗ ಒಂದು ಮಾತಾಡದೆ ಮೂರು ವಾರ ರಜೆ ಕೊಟ್ಟೆ. ಮರೆತ್ರಾ?”

“ಮರೆತಿಲ್ಲ ಸರ್. ಅದನ್ನೂ ಬರೀಲಾ?”

ಅವರು ತಗ್ಗಿದ ದನಿಯಲ್ಲಿ, “ಗಂಡ ಹೋದ ಮೇಲೆ ಇವಳ ತಲೆ ಸರಿಯಿಲ್ಲ ಅಂತಾರೆ ಜನ. ನಾನಲ್ಲ, ಜನ,” ಎಂದರು.

ಅದನ್ನೂ ಬರೆದೆ.

ಅಕ್ಕ ಸಾಕ್ಷಿಯೆಂದು ಸಹಿ ಹಾಕಿದಳು. ಸಮಿತಿಯ ಕಚೇರಿ ಇರುವುದು ಮೇಲಿನ ಮಹಡಿಯಲ್ಲಿ. ಪತ್ರ ತೆಗೆದುಕೊಳ್ಳುವ ಕಿಂಡಿಯ ಗುಮಾಸ್ತರು ವಯಸ್ಸಾದವರು. ನನ್ನ ಗಂಡನನ್ನು ಎರಡು ಸಲ ನೋಡಿದ್ದರು. ವರದಿಯನ್ನು ಮೇಲಿಂದ ಕೆಳಗೆ ಓದಿ, ಕನ್ನಡಕ ತೆಗೆದು, ನನ್ನನ್ನು ನೋಡಿದರು.

“ಪಾಪ ಮಗು, ಇಷ್ಟು ಬೇಗ ಇದನ್ನೆಲ್ಲ ಯಾಕೆ ತಲೆಗೆ ಹಚ್ಕೊಂಡೆ? ಮನಸ್ಸು ಸರಿಯಿಲ್ಲದಾಗ ಬರೆದದ್ದು. ಎರಡು ದಿನ ನನ್ನ ಹತ್ರಾನೇ ಇರಲಿ. ಆಮೇಲೂ ಬೇಕು ಅನ್ನಿಸಿದ್ರೆ ಒಳಗೆ ಕಳಿಸ್ತೀನಿ.”

ಅವರು ಒಳ್ಳೆಯವರು. ಆ ಮಾತನ್ನು ಒಳ್ಳೆಯದಕ್ಕೇ ಆಡಿದರು.

“ಸೀಲು ಹಾಕಿ,” ಎಂದೆ.

“ಅಲ್ಲಮ್ಮ…”

“ಇವತ್ತಿನ ತಾರೀಖಿನ ಸೀಲು ಹಾಕಿ. ನಾನು ನೋಡ್ಕೊಂಡೇ ಹೋಗ್ತೀನಿ.”

ಅವರು ಬಹಳ ಹೊತ್ತು ಸೀಲಿನ ತಾರೀಖನ್ನು ತಿರುಗಿಸುತ್ತ ಕೂತರು. ನನ್ನ ಹಿಂದೆ ಇನ್ನಿಬ್ಬರು ಬಂದು ನಿಂತರು. ಕಿಂಡಿಯ ಕಟ್ಟೆಯ ಮೇಲಿಟ್ಟ ಕೈಯನ್ನು ನಾನು ತೆಗೆಯಲಿಲ್ಲ. ಕೊನೆಗೆ ಅವರು ಸೀಲನ್ನು ಶಾಯಿಗೆ ಒತ್ತಿ, ಹಾಳೆಯ ಮೇಲೆ ಹಾಕಿದರು.